ಮಿಕ್ಸಿ ಸದ್ದು ಮಾಡ್ತಿದೆ ಕಣೋ

ಹೋದ ವರ್ಷ ಶ್ರಾವಣದ ಒಂದು ಮಧ್ಯಾಹ್ನ ಅರಸೀಕೆರೆಯಿಂದ ಅಮ್ಮನ ಫೋನು. ನಾನು ಬೆಂಗಳೂರಿನ ಆಫೀಸಿನಲ್ಲಿ. ಒಂದು ಕಿವಿ ಮೀಟಿಂಗಿಗೆ, ಇನ್ನೊಂದು ಅಮ್ಮನಿಗೆ. "ಊಟ ಆಯ್ತಾ?" ಆಯ್ತು. "ಅಲ್ಲೂ ಮಳೆನಾ?" ಹೂಂ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಿಕ್ಸಿ ಯಾಕೋ ಒಂಥರಾ ಸದ್ದು ಮಾಡ್ತಿದೆ ಕಣೋ" ಅಂದಳು.

ನನಗೆ ಒಳಗೊಳಗೇ ಖುಷಿ. ಸಮಸ್ಯೆ ಬಗೆಹರಿಸೋದು ತಾನೇ ನಮ್ಮ ಕೆಲಸ! ಫೋನಿಟ್ಟು ಐದು ನಿಮಿಷಕ್ಕೆಲ್ಲ ಆ್ಯಪಿನಲ್ಲಿ 750 ವ್ಯಾಟಿನ ಹೊಸ ಮಿಕ್ಸಿ ಆರ್ಡರ್ ಮಾಡಿದೆ. ಎರಡು ದಿನ ಬಿಟ್ಟು ಅಮ್ಮನೇ ಹೇಳಿದಳು, "ಬಂತಪ್ಪಾ. ಚೆನ್ನಾಗಿದೆ."

ದಸರಾಕ್ಕೆ ಊರಿಗೆ ಹೋದರೆ ಅಡುಗೆಮನೆಯಲ್ಲಿ ಹಳೇ ಮಿಕ್ಸಿಯೇ ಕಾಯಿಚಟ್ನಿ ರುಬ್ಬುತ್ತಿದೆ. ಸದ್ದೇನೋ ಇತ್ತು, ಆದರೆ ಅದು ನಾನು ಹೈಸ್ಕೂಲಿನಲ್ಲಿದ್ದಾಗಿನಿಂದಲೂ ಇದ್ದದ್ದೇ. ಹೊಸದು ಅಟ್ಟದ ಮೇಲೆ, ಡಬ್ಬದ ಟೇಪು ಕೂಡ ಕಿತ್ತಿಲ್ಲ. "ಯಾಕಮ್ಮಾ?" ಅಂದೆ. "ನಿಮ್ಮಪ್ಪ ಇದ್ದಾಗ ಅವರೇ ಬಿಚ್ಚಿ ನೋಡೋರು. ನೀನು ಬಂದು ಒಂದ್ಸಲ ನೋಡ್ತೀಯೇನೋ ಅಂದ್ಕೊಂಡೆ."

ಅಪ್ಪ ತೀರಿಕೊಂಡ ಮೇಲೆ ಬಂದ ಮೊದಲ ಶ್ರಾವಣ ಅದು. ನನಗೆ ಹೊಳೆದಿದ್ದು ಆಗ.

ವಾಪಸ್ ಬರೋ ಟ್ರೇನಿನಲ್ಲಿ, ಹಿಂದೆ ಯಾವಾಗಲೋ ಓದಿದ್ದ ಜೆ.ಎಲ್. ಆಸ್ಟಿನ್ ನೆನಪಾದರು. ಆಕ್ಸ್‌ಫರ್ಡಿನ ತತ್ವಶಾಸ್ತ್ರಜ್ಞ. 1955ರಲ್ಲಿ ಹಾರ್ವರ್ಡ್‌ನಲ್ಲಿ ಅವರು ಕೊಟ್ಟ ಉಪನ್ಯಾಸಗಳು ಅವರು ತೀರಿಕೊಂಡ ಎರಡು ವರ್ಷದ ಮೇಲೆ, 1962ರಲ್ಲಿ, 'ಹೌ ಟು ಡು ಥಿಂಗ್ಸ್ ವಿತ್ ವರ್ಡ್ಸ್' ಅನ್ನೋ ಪುಸ್ತಕವಾದವು. ಮಾತಾಡೋದು ಅಂದರೆ ಸುದ್ದಿ ಮುಟ್ಟಿಸೋದಷ್ಟೇ ಅಲ್ಲ, ಅದೂ ಒಂದು ಕೆಲಸ ಮಾಡಿದ ಹಾಗೆ ಅಂತ ಅವರ ವಾದ. (ನಾವು ಮಾತು 'ಕೊಡ್ತೀವಿ', ಮಾತಿಗೆ 'ತಪ್ತೀವಿ'. ಕನ್ನಡದವರಿಗೆ ಇದನ್ನ ಬಿಡಿಸಿ ಹೇಳಬೇಕಾ!) ಒಂದೇ ಮಾತಿನಲ್ಲಿ ಅವರು ಮೂರು ಪದರ ನೋಡಿದರು. ಬಾಯಿಂದ ಬಂದ ಪದಗಳು, ಆ ಪದಗಳಿಂದ ಆಡಿದವರು ಮಾಡಿದ ಕೆಲಸ, ಕೇಳಿದವರ ಮೇಲೆ ಅದರಿಂದಾದ ಪರಿಣಾಮ. ಅಮ್ಮನ ಬಾಯಿಂದ ಬಂದಿದ್ದು ಮಿಕ್ಸಿಯ ವರದಿ. ಅವಳು ಮಾಡಿದ್ದು ಮಗನನ್ನು ಮನೆಗೆ ಕರೆಯೋ ಕೆಲಸ. ಆದ ಪರಿಣಾಮ, ಅಟ್ಟದ ಮೇಲೊಂದು ಡಬ್ಬ.

ನಮ್ಮ ಕಡೆಯ ಕಾವ್ಯಶಾಸ್ತ್ರದವರು ಇದನ್ನ ಬಹಳ ಹಿಂದೆಯೇ ಕಂಡಿದ್ದರು. ಕಾಶ್ಮೀರದ ಮಮ್ಮಟ 11ನೇ ಶತಮಾನದಲ್ಲಿ ಬರೆದ 'ಕಾವ್ಯಪ್ರಕಾಶ'ದಲ್ಲಿ ಒಂದು ಸೊಗಸಾದ ಉದಾಹರಣೆ ಇದೆ. ಸೂರ್ಯ ಮುಳುಗಿದ, ಇಷ್ಟೇ ಮಾತು. ಆದರೆ ದನ ಕಾಯೋನಿಗೆ ಅದು ಹಸುಗಳನ್ನ ಕೊಟ್ಟಿಗೆಗೆ ಹೊಡಿ ಅಂತ. ಸಂಧ್ಯಾವಂದನೆ ಮಾಡೋನಿಗೆ ಹೊತ್ತಾಯ್ತು ಅಂತ. ಪ್ರಿಯಕರನಿಗಾಗಿ ಕಾದವಳಿಗೆ ಇನ್ನೇನು ಬರ್ತಾನೆ ಅಂತ. ಕೇಳೋರು ಬದಲಾದರೆ ಅರ್ಥವೂ ಬದಲಾಗುತ್ತೆ. ನನಗೆ ಆಸ್ಟಿನ್‌ಗಿಂತ ಇದೇ ಹೆಚ್ಚು ಇಷ್ಟ. ಯಾಕಂದರೆ ತಪ್ಪು ಅಮ್ಮನ ಮಾತಿನಲ್ಲಿರಲಿಲ್ಲ, ಕೇಳಿದ ಕಿವಿಯಲ್ಲಿತ್ತು.

ಅವತ್ತಿನಿಂದ ಇದೊಂದು ಚಟವಾಗಿದೆ. 'ಸ್ವಲ್ಪ ಬಾಗಿಲು ಹಾಕಿ' ಅಂದರೆ ಯಾರೂ ಬಾಗಿಲನ್ನ ಅರ್ಧ ಹಾಕಿ ನಿಲ್ಲಿಸಲ್ಲ. ಆ 'ಸ್ವಲ್ಪ' ಬಾಗಿಲಿಗೆ ಸೇರಿದ್ದಲ್ಲ, ಎದುರಿಗಿರೋರಿಗೆ ಕೊಟ್ಟ ಮರ್ಯಾದೆ. ಮನೆಯಲ್ಲಿ 'ದಯವಿಟ್ಟು' ಅಂದು ನೋಡಿ, ಜಗಳ ಆಡ್ತಿದೀರಾ ಅಂತ ಕೇಳ್ತಾರೆ. 'ನಾಳೆ ಬರ್ತೀಯಾ?' ಅನ್ನೋದು ಪ್ರಶ್ನೆ, 'ನಾಳೆ ಬರ್ತೀಯ ತಾನೇ?' ಅನ್ನೋದು ಕಟ್ಟಿಹಾಕೋ ಹಗ್ಗ. 'ಅವನಿಗೆ ಹುಷಾರಿಲ್ಲವಂತೆ' ಅಂದಾಗ ಆ 'ಅಂತೆ' ಹೇಳುತ್ತೆ: ನಾನು ಕಂಡಿಲ್ಲ, ನನ್ನನ್ನ ಹೊಣೆ ಮಾಡಬೇಡಿ. ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅಂದರೆ ಅಮ್ಮ ಈಗಲೂ ಗದರ್ತಾಳೆ, 'ಹೋಗಿ ಬರ್ತೀನಿ' ಅನ್ನಬೇಕು. ಇನ್ನು ಸಂಬಳ ಹೆಚ್ಚಿಸಿ ಅಂದಾಗ ಮ್ಯಾನೇಜರ್ ಅನ್ನೋ 'ನೋಡೋಣ' ನಿಮಗೂ ಗೊತ್ತಿರೋದೇ.

ಇದೆಲ್ಲ ಬಾಯಿಮಾತಿನಲ್ಲಿ ದನಿ ಹೊತ್ತು ತರುತ್ತೆ. ವಾಟ್ಸ್‌ಆ್ಯಪಿನಲ್ಲಿ 'ಸರಿ' ಅಂತ ಬಂದರೆ ಒಪ್ಪಿದರೋ, ಮುನಿಸಿಕೊಂಡರೋ? ಈಗ ಅಮ್ಮನಿಗೆ ಟೈಪ್ ಮಾಡೋದು ಬಿಟ್ಟಿದ್ದೀನಿ. ಫೋನೇ ಮಾಡ್ತೀನಿ, ಆಗ ಲ್ಯಾಪ್‌ಟಾಪ್ ಮುಚ್ಚಿರುತ್ತೆ. ಹಾಗಂತ ಎಲ್ಲಾ ಸಲ ಗೆದ್ದಿದ್ದೇನೆ ಅಂತಲ್ಲ. 'ಕಾಲು ನೋವು' ಅಂದಾಗ ಬರೀ ಕರೆ ಅಂದುಕೊಂಡು ಓಡಿದೆ. ನಿಜವಾಗಲೂ ಮಂಡಿ ಊದಿತ್ತು, ಡಾಕ್ಟರ ಹತ್ತಿರ ಹೋಗಬೇಕಾಯಿತು.

ಮೊನ್ನೆ ಗುರುವಾರ ಫೋನು. ಊಟ, ಮಳೆ, ಪಕ್ಕದ ಮನೆಯವರ ಸುದ್ದಿ ಎಲ್ಲಾ ಆಯ್ತು. ಆಮೇಲೆ, "ಗೇಟು ಕಿರ್ ಅಂತಿದೆ ಕಣೋ."

"ಶನಿವಾರ ಬಂದು ಎಣ್ಣೆ ಹಾಕ್ತೀನಮ್ಮ."

"ಅಯ್ಯೋ, ಅಷ್ಟಕ್ಕೆ ಯಾಕೆ ಬರ್ತೀಯ, ಸುಮ್ನೆ ಓಡಾಟ."

ನಾನು ಮಾತಾಡಲಿಲ್ಲ. ಆ ಕಡೆ ಕುಕ್ಕರ್ ಒಂದು ಸಲ ಕೂಗಿತು.

"ಬೆಳಗ್ಗೆ ಟ್ರೇನಿಗಾ, ಮಧ್ಯಾಹ್ನದ್ದಕ್ಕಾ?" ಅಂದಳು. "ಅಕ್ಕಿ ನೆನೆ ಹಾಕ್ಬೇಕು, ಅದಕ್ಕೆ ಕೇಳ್ದೆ."