ಟಿಕಟಿಕವೋ, ಟಕಟಕವೋ?

ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಓದಿದ ಚಟಚಟ, ಪಟಪಟ, ದಡದಡಗಳು ಹಳೇ ಕಾರಿನ ಗ್ಯಾರೇಜಿನಲ್ಲಿ ದಿನಬಳಕೆಯ ಮಾತು. ‘ಎಂಜಿನ್ನಿಂದ ಸೌಂಡ್ ಬರ್ತಿದೆ’ ಅಂದರೆ ಮೇಸ್ತ್ರಿಯ ಮೊದಲ ಪ್ರಶ್ನೆ: ‘ಟಿಕಟಿಕ ಅನ್ನುತ್ತಾ, ಟಕಟಕ ಅನ್ನುತ್ತಾ ಸಾರ್?’ ಟಿಕಟಿಕ ಆದರೆ ಸಾಮಾನ್ಯವಾಗಿ ಎಂಜಿನ್ನಿನ ಮೇಲ್ಭಾಗದ ಅರ್ಧ ದಿನದ ಕೆಲಸ. ಟಕಟಕ ಆದರೆ ಎಂಜಿನ್ ಬಿಚ್ಚುವ ಮಾತು ಬರಬಹುದು.

ಕೆಲಸ ಬಲ್ಲವರು ಗಾಡಿಯನ್ನು ಹಿಂದಿನ ಸಂಜೆಯೇ ಬಿಟ್ಟು ಹೋಗಿ ಅನ್ನುತ್ತಾರೆ. ಬೆಳಿಗ್ಗೆ ಮೊದಲು ಆಯಿಲ್ ಎಷ್ಟಿದೆ ನೋಡುತ್ತಾರೆ; ಆಯಿಲ್ ಇಳಿದಿದ್ದರೆ ಅದೊಂದೇ ಸದ್ದಿಗೆ ಸಾಕು. ಆಮೇಲೆ ಸೆಲ್ಫ್ ಹೊಡೆದು, ತಣ್ಣಗಿರುವ ಎಂಜಿನ್ ಕೇಳುತ್ತಾರೆ. ಸವೆದ ಪಿಸ್ಟನ್ನು ತಣ್ಣಗಿದ್ದಾಗ ಸಿಲಿಂಡರ್ ಗೋಡೆಗೆ ಬಡಿಯುತ್ತದೆ. ಬಿಸಿಯಾಗಿ ಹಿಗ್ಗಿದ ಮೇಲೆ ಸಂದು ಮುಚ್ಚಿ ಸದ್ದು ತಗ್ಗುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಹೋಗಿದ್ದರೂ ಅಷ್ಟೇ, ಬಿಸಿಯಾದಂತೆ ಟಿಕಟಿಕ ಕಡಿಮೆಯಾಗುತ್ತದೆ. ಎರಡನ್ನೂ ಬೇರೆ ಮಾಡಲು ಒಂದು ರಬ್ಬರ್ ಪೈಪ್ ಸಾಕು: ಒಂದು ತುದಿ ಕಿವಿಗೆ, ಇನ್ನೊಂದು ಮ್ಯಾನಿಫೋಲ್ಡಿನ ಜಾಯಿಂಟಿನ ಹತ್ತಿರ. ಹೊಗೆ ಸೋರುತ್ತಿದ್ದರೆ ‘ಚುಸ್ ಚುಸ್’ ಅನ್ನುವುದು ಸ್ಪಷ್ಟವಾಗಿ ಕೇಳುತ್ತದೆ.

ಈ ಕಸುಬಿನ ಮುಖ್ಯ ಉಪಕರಣ ಉದ್ದನೆಯ ಸ್ಕ್ರೂಡ್ರೈವರ್. ಮೇಸ್ತ್ರಿ ಹೆಗಲ ಮೇಲಿನ ಟವೆಲ್ ತೆಗೆದಿಡುತ್ತಾರೆ. ತಿರುಗುವ ಫ್ಯಾನಿನ ಹತ್ತಿರ ಸಡಿಲ ಬಟ್ಟೆ ಇರಕೂಡದು. ಸ್ಕ್ರೂಡ್ರೈವರಿನ ಮೊನೆಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚುತ್ತಾರೆ. ಪ್ಯಾರಿಸ್ಸಿನ ವೈದ್ಯ ಲೆನೆಕ್ 1816ರಲ್ಲಿ ಸುರುಳಿ ಸುತ್ತಿದ ಕಾಗದದಿಂದ ಎದೆಯ ಸದ್ದು ಕೇಳಿದ್ದು ಸ್ಟೆತಸ್ಕೋಪಿನ ಹುಟ್ಟು. ಎಲ್ಲ ಸದ್ದುಗಳ ಗದ್ದಲದಿಂದ ಒಂದನ್ನು ಬೇರ್ಪಡಿಸಿ ಕೇಳುವ ಆ ಜಾಣ್ಮೆಯೇ ಇಲ್ಲೂ ಇರುವುದು.

ಜಾಗದ ಜೊತೆಗೆ ಲಯವನ್ನೂ ಹಿಡಿಯಬೇಕು. ಕ್ರ್ಯಾಂಕ್ ಎರಡು ಸುತ್ತು ಬಂದರೆ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಪ್ರತಿ ವಾಲ್ವ್ ತೆರೆಯುವುದು 400 ಸಲ. ಸಂಗೀತ ಕಲಿತವರಿಗೆ ಹೇಳುವುದಾದರೆ, ವಾಲ್ವನ್ನು ತೆರೆಯಿಸುವ ಟ್ಯಾಪೆಟ್ ಒಂದನೇ ಕಾಲದಲ್ಲಿದ್ದರೆ ಕ್ರ್ಯಾಂಕ್ ಎರಡನೇ ಕಾಲದಲ್ಲಿರುತ್ತದೆ.

ಅಂಬಾಸಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನಿನಲ್ಲಿ ಎಂಟು ವಾಲ್ವ್. ಅವುಗಳ ಟ್ಯಾಪೆಟ್ ಹೊಂದಿಸಲು ಒಂಬತ್ತರ ಲೆಕ್ಕವಿದೆ: 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದನ್ನು, 6ನೆಯದು ತೆರೆದಾಗ 3ನೆಯದನ್ನು ಹೊಂದಿಸಬೇಕು. ಫೀಲರ್ ಗೇಜಿನ ತೆಳು ತಗಡು ಸಂದಿನಲ್ಲಿ ಕೊಂಚ ತಡೆದು, ಹಿಡಿದೂ ಹಿಡಿಯದಂತೆ ಸರಿಯಬೇಕು. ಸದ್ದು ಪೂರ್ತಿ ನಿಲ್ಲಿಸಿ ಅಂತ ಹಟ ಹಿಡಿಯುವ ಮಾಲೀಕರು ಆ ಸಂದು ಯಾಕೆ ಬೇಕೆಂದು ತಿಳಿಯಲೇಬೇಕು. ದೇಶದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಸೀಸ ಹಳೇ ಎಂಜಿನ್ನುಗಳ ಮೆತ್ತನೆಯ ವಾಲ್ವ್ ಸೀಟುಗಳನ್ನು ಕಾಪಾಡುತ್ತಿತ್ತು. ಅದಿಲ್ಲದೆ ಸೀಟು ಸವೆದರೆ ವಾಲ್ವ್ ಒಳಕ್ಕೆ ಇಳಿದು, ಟ್ಯಾಪೆಟ್ ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಸದ್ದು ಹೋಯಿತೆಂದು ನಾವು ಸಂತೋಷಪಡುವ ಹೊತ್ತಿಗೆ, ಪೂರ್ತಿ ಮುಚ್ಚಲಾರದ ವಾಲ್ವ್ ಸುಡಲು ಶುರುವಾಗಿರುತ್ತದೆ. ಸಣ್ಣ ಟಿಕಟಿಕಕ್ಕಿಂತ ಈ ಮೌನ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಘಾಟಿ ಹತ್ತುವಾಗ ಮಾತ್ರ ಒಗ್ಗರಣೆಯ ಸಾಸಿವೆ ಸಿಡಿದಂತೆ ಚಿಟಿಚಿಟಿ ಅಂದರೆ, ಹೆಚ್ಚಿನ ಸಲ ಅದು ಟೈಮಿಂಗ್ ಮುಂದಾಗಿರುವುದರ ಗುರುತು. ಡಿಸ್ಟ್ರಿಬ್ಯೂಟರನ್ನು ಕೊಂಚ ತಿರುಗಿಸಿದರೆ ಸರಿಹೋಗುತ್ತದೆ.

ಟಕಟಕದ ಮಾತು ಬೇರೆ. ಎಂಜಿನ್ ಬಿಸಿಯಾಗಿ ಆಯಿಲ್ ತೆಳುವಾದ ಮೇಲೆ, ಆಕ್ಸಿಲರೇಟರ್ ಒತ್ತಿ ಬಿಟ್ಟ ಕ್ಷಣದಲ್ಲಿ ಕೆಳಗಿನಿಂದ ಬರುವ ಭಾರದ ಬಡಿತ ಅದು. ಹಳೇ ಕಾಯಿಲ್ ಗಾಡಿಗಳಲ್ಲಿ ಮೇಸ್ತ್ರಿ ಒಂದೊಂದೇ ಪ್ಲಗ್ ವೈರ್ ಬಿಡಿಸುತ್ತಾರೆ. ಯಾವ ವೈರ್ ತೆಗೆದಾಗ ಬಡಿತ ತಗ್ಗಿತೋ ಆ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದೆ. ಇಳಿಸಿದ ಆಯಿಲನ್ನು ಬಿಸಿಲಿಗೆ ಹಿಡಿದರೆ ಲೋಹದ ಪುಡಿ ಮಿನುಗುತ್ತದೆ. ಅಲ್ಲಿಂದ ಮುಂದೆ ಒಂದು ಕಿಲೋಮೀಟರೂ ಓಡಿಸಬಾರದು. ಆಗಲೇ ನಿಲ್ಲಿಸಿದರೆ ಬೇರಿಂಗ್ ಬದಲಿಸಿ ಮುಗಿಯಬಹುದಾದದ್ದು, ಓಡಿಸಿದರೆ ಕ್ರ್ಯಾಂಕನ್ನು ಸಾಣೆ ಹಿಡಿಸುವವರೆಗೆ ಹೋಗುತ್ತದೆ; ರಾಡ್ ಮುರಿದರೆ ಬ್ಲಾಕೇ ಒಡೆಯುತ್ತದೆ.

ಕಳೆದ ತಿಂಗಳು ಗ್ಯಾರೇಜಿಗೆ ಒಂದು ಪ್ರೀಮಿಯರ್ ಪದ್ಮಿನಿ ಬಂದಿತ್ತು, ಟಿಕಟಿಕ ಅನ್ನುತ್ತಾ. ಕೆಲಸ ಕಲಿಯುವ ಹುಡುಗ ಲಯ ಕೇಳಿ ‘ಟ್ಯಾಪೆಟ್ಟೇ ಅಣ್ಣಾ’ ಅಂದ. ಮೇಸ್ತ್ರಿ ಸ್ಕ್ರೂಡ್ರೈವರನ್ನು ಅವನ ಕಿವಿಗೇ ಕೊಟ್ಟು, ಮೊನೆಯನ್ನು ಮೇಲಿನ ಕವರಿನ ಉದ್ದಕ್ಕೂ ಸರಿಸಿದರು. ಎಲ್ಲ ಕಡೆ ಒಂದೇ ಸಮ. ಮೊನೆಯನ್ನು ಬ್ಲಾಕಿನ ಪಕ್ಕದ ಪೆಟ್ರೋಲ್ ಪಂಪಿಗೆ ಊರಿದರು. ಹುಡುಗನ ಹುಬ್ಬು ಮೇಲೇರಿತು. ಆ ಪಂಪಿನ ಲಿವರನ್ನು ಒತ್ತುವುದೂ ಅದೇ ಕ್ಯಾಮ್‌ಶಾಫ್ಟ್, ಹಾಗಾಗಿ ಲಯವೂ ಅದೇ. ‘ಇನ್ನೊಂದ್ಸಲ ಕೇಳು’ ಅಂದರು ಮೇಸ್ತ್ರಿ. ಹುಡುಗ ಮತ್ತೆ ಕಣ್ಣು ಮುಚ್ಚಿದ.