ಸೇತುವೆಯ ಕೆಳಗಿನ ಕೇರಿ

ಜಾವಾ ದ್ವೀಪದ ಯೋಗ್ಯಕರ್ತ ನಗರವನ್ನು ಮೂರು ಹೊಳೆಗಳು ಬಡಗಿನಿಂದ ತೆಂಕಿಗೆ ಹಾದುಹೋಗುತ್ತವೆ. ಪಡುವಲಲ್ಲಿ ವಿನೊಂಗೊ, ಮೂಡಲಲ್ಲಿ ಗಜಾವೊಂಗ್, ನಡುವೆ ಚೋದೆ. ನಮ್ಮ ಚಂದ್ರಗಿರಿಯ ಅಗಲವನ್ನು ಕಣ್ಣಲ್ಲಿಟ್ಟುಕೊಂಡು ಚೋದೆಯನ್ನು ನೋಡಲು ಹೋದರೆ ನಿರಾಸೆಯಾದೀತು. ಅದು ಕಿರಿದಾದ ಹೊಳೆ. ಆದರೆ ದರೆ ಮಾತ್ರ ಆಳ. ಗೊಂಡೊಲಾಯು ಎಂಬ ಸೇತುವೆಯ ಮೇಲೆ ನಿಂತವನಿಗೆ ಎರಡು ಊರುಗಳು ಒಂದೇ ನೋಟಕ್ಕೆ ಸಿಗುತ್ತವೆ. ಮೇಲಿನ ರಸ್ತೆಯಲ್ಲಿ ಹೋಟೆಲು, ಬ್ಯಾಂಕು, ಆಚೆಗೆ ಡಚ್ಚರ ಕಾಲದ ಬಂಗಲೆಗಳಿರುವ ಕೋತಾಬಾರು ಬಡಾವಣೆ. ಬಗ್ಗಿ ನೋಡಿದರೆ ದರೆಯ ಮೈಗೆ ಮೆಟ್ಟಿಲು ಮೆಟ್ಟಿಲಾಗಿ ಅಂಟಿಕೊಂಡ, ಬಣ್ಣ ಬಳಿದ ಪುಟ್ಟ ಮನೆಗಳು. ಇದೇ ಚೋದೆ ಕೇರಿ. ಮನೆ ಉಳಿಸಿಕೊಳ್ಳುವುದಕ್ಕಾಗಿ ಇಲ್ಲಿಯ ಬಡವರು ನಡೆಸಿದ ಪ್ರಯತ್ನ ಜಗತ್ತಿನ ಗಮನ ಸೆಳೆದಿತ್ತು.

ಊರಿನ ಹೆಸರು ನಮ್ಮ ಅಯೋಧ್ಯೆಯಿಂದ ಬಂದುದೆನ್ನುತ್ತಾರೆ. 1755ರ ಒಪ್ಪಂದದಲ್ಲಿ ಜಾವಾದ ಹಳೆಯ ಮಾತರಂ ರಾಜ್ಯ ಎರಡಾದಾಗ ಹುಟ್ಟಿದ ರಾಜಧಾನಿ ಇದು. ಅರಮನೆ ಹೊಳೆಗಳ ನಡುವಿನ ನೆಲದಲ್ಲಿದೆ. ಬಡಗಿನಲ್ಲಿ ಹೊಗೆಯುಗುಳುವ ಮೆರಾಪಿ ಬೆಟ್ಟ, ತೆಂಕಿನಲ್ಲಿ ಕಡಲು. ಸ್ವಾತಂತ್ರ್ಯ ಸಮರದ ಕಾಲದಲ್ಲಿ, 1946ರಿಂದ 1949ರವರೆಗೆ, ಇಂಡೋನೇಶ್ಯ ಗಣರಾಜ್ಯದ ರಾಜಧಾನಿಯೂ ಆಗಿತ್ತು. ಆ ದೇಶ ಗಣರಾಜ್ಯವಾದರೂ ಇಲ್ಲಿಯ ಸುಲ್ತಾನನೇ ಇಂದಿಗೂ ಪ್ರಾಂತದ ಗವರ್ನರ್.

ಅವರ ಭಾಷೆಯಲ್ಲಿ ಇಂತಹ ವಸತಿಗೆ 'ಕಂಪುಂಗ್' ಎಂದು ಹೆಸರು. ಹಳ್ಳಿ ಎಂಬುದು ಮೂಲಾರ್ಥ. ಪೇಟೆಯೊಳಗೆ ಬಂದಾಗ ಕೇರಿ ಎನ್ನಬಹುದು. ಇಂಗ್ಲಿಷ್ ಬರಹಗಳನ್ನು ನೋಡಿ ನಮ್ಮವರು ಇದನ್ನು 'ಕೊಳಚೆ ಪ್ರದೇಶ' ಎಂದು ಬರೆದುಬಿಡುತ್ತಾರೆ. ಅದು ಸರಿಯಲ್ಲ. ಯೋಗ್ಯಕರ್ತದಲ್ಲಿ ಅರಮನೆಯ ಸೈನ್ಯದ ದಳಗಳಿಂದ ಹೆಸರು ಪಡೆದ ವಿರೋಬ್ರಾಜನ್, ಪತಂಗ್‌ಪುಲುಹನ್ ಎಂಬ ಕಂಪುಂಗುಗಳಿವೆ. ಬಟ್ಟೆ ಹೊಲಿಯುವವರ ಕೇರಿ ಗೆರ್ಜೆನ್. ನಮ್ಮ 'ದರ್ಜಿ' ಶಬ್ದವನ್ನೇ ನೆನಪಿಸುವ ಹೆಸರು. ಇವೆಲ್ಲ ಮಾನವಂತರು ಬಾಳುವ ಹಳೆಯ ಕೇರಿಗಳು.

ಗೊಂಡೊಲಾಯು ಸೇತುವೆಯ ಬುಡದ ಮಾತು ಮಾತ್ರ ಬೇರೆಯಾಗಿತ್ತು. 1970ರ ದಶಕದಲ್ಲಿ ಅದು ಪೇಟೆಯ ಕಸ ಬೀಳುವ ಜಾಗೆ. ಆ ಕಸದ ಮೇಲೆಯೇ ರಟ್ಟು, ಪ್ಲಾಸ್ಟಿಕ್ಕು, ತಗಡುಗಳಿಂದ ಗೂಡು ಕಟ್ಟಿಕೊಂಡವರು ಹಳ್ಳಿ ಬಿಟ್ಟು ಬಂದ ಬಡವರು. ಚಿಂದಿ ಆಯುವವರು, ಮೂರು ಗಾಲಿಯ 'ಬೇಚಾ' ತುಳಿಯುವವರು, ಬೀದಿ ವ್ಯಾಪಾರದವರು, ಮೈಮಾರಿ ಬದುಕುವ ಹೆಂಗಸರು. ಕಳ್ಳಕಾಕರೂ ಇದ್ದರು. ಮೇಲಿನ ಪೇಟೆಯವರು ಮೂಗು ಮುಚ್ಚಿಕೊಂಡು ಸೇತುವೆ ದಾಟುತ್ತಿದ್ದರು.

ಇವರ ಕಷ್ಟ ಕೇವಲ ಬಡತನದ್ದಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಇಂಡೋನೇಶ್ಯದಲ್ಲಿ ಪ್ರತಿಯೊಂದು ಮನೆಯೂ ಒಂದು ನೆರೆಹೊರೆ ಘಟಕಕ್ಕೆ ಸೇರಿರುತ್ತದೆ. ಅದರ ಹೆಸರು 'ಎರ್‌ತೆ', ಅಂದರೆ ನೆರೆಯವರ ಒಕ್ಕೂಟ. ಕೆಲವು ಎರ್‌ತೆ ಸೇರಿದರೆ ಒಂದು 'ಎರ್‌ವೆ'. ಎರಡನೆಯ ಮಹಾಯುದ್ಧದಲ್ಲಿ ಜಾವಾವನ್ನು ಹಿಡಿದಿದ್ದ ಜಪಾನೀಯರು ಜನರ ಮೇಲೆ ಕಣ್ಣಿಡಲೆಂದು ತಂದ ಏರ್ಪಾಡು ಇದರ ಮೂಲ. ಜಪಾನೀಯರು ಹೋದರು, ಏರ್ಪಾಡು ಉಳಿಯಿತು. ಗುರುತಿನ ಚೀಟಿ ಬೇಕಾದರೂ ಎರ್‌ತೆಯ ಮುಖ್ಯಸ್ಥನ ಪತ್ರ ಬೇಕು ಎಂಬುದು ಬಹುಕಾಲ ರೂಢಿಯಾಗಿತ್ತು. ಎರ್‌ತೆಯ ಲೆಕ್ಕಕ್ಕೆ ಬಾರದವನು ಆ ಊರಿನಲ್ಲಿ ಇದ್ದೂ ಇಲ್ಲದವನು. ಸೇತುವೆಯ ಕೆಳಗಿನವರ ಸ್ಥಿತಿ ಇದಾಗಿತ್ತು. ಅವರನ್ನು ಎಬ್ಬಿಸಿ ಹೊಳೆಯ ದಂಡೆಯನ್ನು 'ಚೊಕ್ಕಟ' ಮಾಡುವ ಯೋಚನೆ ಅಧಿಕಾರಿಗಳಿಗೆ ಬಂದುದರಲ್ಲಿ ಆಶ್ಚರ್ಯವಿಲ್ಲ.

ಅವರ ನೆರವಿಗೆ ನಿಂತವರು ಇಬ್ಬರು. ಒಬ್ಬರು ವಿಲಿ ಪ್ರಸೆತ್ಯ, ಅದೇ ಪ್ರದೇಶದ ಸ್ಥಳೀಯ ಮುಖ್ಯಸ್ಥರು. ಇನ್ನೊಬ್ಬರು ವೈ. ಬಿ. ಮಾಂಗುನ್‌ವಿಜಯ.

ಮಾಂಗುನ್‌ವಿಜಯರ ಪರಿಚಯ ನಮ್ಮಲ್ಲಿ ಆಗಬೇಕಾದಷ್ಟು ಆಗಿಲ್ಲ. 1929ರಲ್ಲಿ ಮಧ್ಯ ಜಾವಾದ ಅಂಬರಾವಾದಲ್ಲಿ ಹುಟ್ಟಿದವರು. ಹದಿಹರೆಯದಲ್ಲಿ ವಿದ್ಯಾರ್ಥಿ ಸೈನ್ಯ ಸೇರಿ ಡಚ್ಚರ ವಿರುದ್ಧ ಹೋರಾಡಿದರು. 1959ರಲ್ಲಿ ಕೆಥೋಲಿಕ್ ಪಾದ್ರಿಯಾದರು. ಆಮೇಲೆ ಜರ್ಮನಿಯ ಆಖೆನ್‌ನಲ್ಲಿ ವಾಸ್ತುಶಿಲ್ಪ ಕಲಿತು ಬಂದರು. ಕಾದಂಬರಿಕಾರರೂ ಹೌದು. 1981ರಲ್ಲಿ ಬಂದ ಅವರ ಪ್ರಸಿದ್ಧ ಕಾದಂಬರಿಯ ಹೆಸರಿನ ಅರ್ಥ 'ಗೀಜಗ ಹಕ್ಕಿಗಳು'. ನೇಯ್ದು ನೇಯ್ದು ಗೂಡು ಕಟ್ಟುವ ಹಕ್ಕಿಯನ್ನು ಹೆಸರಿಗೆ ಆರಿಸಿಕೊಂಡವರು ಅದೇ ವರ್ಷಗಳಲ್ಲಿ ಚೋದೆಯ ದಂಡೆಗೆ ಹೋಗಿ ನೆಲೆಸಿದರು. ಮೇಲಿನಿಂದ ಬಂದು ಉಪದೇಶ ಮಾಡಿ ಹೋದುದಲ್ಲ. ಅಲ್ಲಿಯೇ ಗುಡಿಸಲಲ್ಲಿ ಉಳಿದರು. 1980ರಿಂದ 1986ರವರೆಗಿನ ಅವರ ಬಾಳು ಆ ಕೇರಿಯೊಂದಿಗೆ ಬೆಸೆದುಕೊಂಡಿತ್ತು. ಜನ ಅವರನ್ನು 'ರೋಮೊ ಮಾಂಗುನ್' ಎಂದರು. ರೋಮೊ ಎಂದರೆ ಜಾವಾ ಭಾಷೆಯಲ್ಲಿ ತಂದೆ.

ಕೇರಿಯವರಲ್ಲಿ ಬಹುಮಂದಿ ಮುಸಲ್ಮಾನರು. ಪಾದ್ರಿಯೊಬ್ಬರು ಬಂದು ಮತಾಂತರ ಮಾಡುತ್ತಾರೆಂಬ ಸಂಶಯ ಯಾವ ಊರಿನಲ್ಲೂ ಏಳಬಹುದಾದುದು. ಅವರು ಅಲ್ಲಿ ಕಟ್ಟಿಸಿದ್ದು ಇಗರ್ಜಿಯಲ್ಲ. ದರೆ ಜರಿಯದಂತೆ ಕಲ್ಲಿನ ತಡೆಗೋಡೆ, ನೀರು ಹರಿಯಲು ಚರಂಡಿ, ಮಕ್ಕಳು ಓದಲು, ಎಲ್ಲರೂ ಕೂಡಲು ಒಂದು ಸಭಾಮನೆ, ಆಮೇಲೆ ಮನೆಗಳು.

ಮನೆಗಳ ರಚನೆ ತಿಳಿಯತಕ್ಕದ್ದು. ನೆಲ ಇಳಿಜಾರು, ಕಸ ತುಂಬಿದ ಮಣ್ಣು. ಭಾರದ ಕಲ್ಲುಗೋಡೆ ತಡೆಯದು. ಆದುದರಿಂದ ಕಾಂಕ್ರೀಟಿನ ಕಿರಿದಾದ ಅಡಿಪಾಯ, ಅದರ ಮೇಲೆ ಮರ ಮತ್ತು ಬಿದಿರಿನ ಚೌಕಟ್ಟು, ಗೋಡೆಗೆ ಹೆಣೆದ ಬಿದಿರಿನ ತಟ್ಟಿ, ಮೇಲೆ ತಗಡಿನ ಮಾಡು. ಕೆಲವು ಮನೆಗಳ ಮಾಡು ಇಂಗ್ಲಿಷಿನ 'ಎ' ಅಕ್ಷರದಂತೆ ಎರಡೂ ಕಡೆ ಕೆಳಗಿನ ತನಕ ಇಳಿದಿದೆ. ಎಲ್ಲವೂ ಅಗ್ಗದ ಸಾಮಗ್ರಿ, ಕೇರಿಯವರದೇ ಕೈಗೆಲಸ. ಕಟ್ಟಿ ಮುಗಿದ ಮೇಲೆ ಕಲಾಶಾಲೆಯ ವಿದ್ಯಾರ್ಥಿಗಳು ಬಂದರು. ಕೇರಿಯವರೊಂದಿಗೆ ಸೇರಿ ತಟ್ಟಿಗೋಡೆಗಳ ಮೇಲೆ ಹೂಬಳ್ಳಿ, ಪ್ರಾಣಿ, ಹಕ್ಕಿ, ಭೂತಾಕಾರಗಳ ಚಿತ್ರ ಬರೆದರು. ಈ ಬಣ್ಣ ಬರಿಯ ಅಲಂಕಾರವಾಗಿರಲಿಲ್ಲ ಎಂದು ನನಗೆ ತೋರುತ್ತದೆ. ಸೇತುವೆಯ ಮೇಲಿನಿಂದ ಕಸ ಎಸೆಯುವ ಕೈ, ಕೆಳಗೆ ಚಿತ್ರ ಬರೆದ ಮನೆ ಕಂಡರೆ ಒಂದು ಗಳಿಗೆ ತಡೆಯುತ್ತದೆ. ಇಲ್ಲಿ ಮನುಷ್ಯರಿದ್ದಾರೆ ಎಂದು ಬೊಬ್ಬೆ ಹಾಕದೆ ಹೇಳುವ ದಾರಿ ಅದು.

ಆದರೂ ತೆರವಿನ ಬೆದರಿಕೆ ತಪ್ಪಲಿಲ್ಲ. ಸುಹಾರ್ತೊ ಅವರ ಕಾಲ; ಸರಕಾರಕ್ಕೆ ಎದುರು ಮಾತಾಡುವುದು ಸುಲಭವಿರಲಿಲ್ಲ. ಮನೆ ಕೆಡವಿದರೆ ಉಪವಾಸ ಕೂರುವುದಾಗಿ ರೋಮೊ ಮಾಂಗುನ್ ಸಾರಿದರು. ಸುದ್ದಿ ಪತ್ರಿಕೆಗಳಿಗೆ ಹೋಯಿತು. ಕೊನೆಗೆ ತೆರವಿನ ಯೋಜನೆ ಕೈಬಿಡಲಾಯಿತು. 1992ರಲ್ಲಿ ಈ ಕೇರಿಗೆ ಆಗಾಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಮುಸ್ಲಿಂ ಸಮಾಜಗಳ ಒಳ್ಳೆಯ ಕಟ್ಟಡಗಳಿಗೆಂದು ಇಸ್ಮಾಯಿಲಿ ಧರ್ಮಗುರು ಸ್ಥಾಪಿಸಿದ ಆ ಪ್ರಶಸ್ತಿ, ಒಬ್ಬ ಕ್ರೈಸ್ತ ಪಾದ್ರಿಯ ಮುಂದಾಳುತನದಲ್ಲಿ ಎದ್ದ ಬಿದಿರಿನ ಮನೆಗಳಿಗೆ ಸಂದಿತು. ಮಾಂಗುನ್‌ವಿಜಯರು 1999ರಲ್ಲಿ ತೀರಿಕೊಂಡರು.

ಇನ್ನು ಇಂತಹ ಕೇರಿಯ ದಿನನಿತ್ಯ ಹೇಗೆ ನಡೆಯುತ್ತದೆಂದು ನೋಡೋಣ. ಇದು ಚೋದೆಗೆ ಮಾತ್ರವಲ್ಲ, ಯೋಗ್ಯಕರ್ತದ ಹೆಚ್ಚಿನ ಕಂಪುಂಗುಗಳಿಗೆ ಸಲ್ಲುವ ಮಾತು.

ಓಣಿ ಎಷ್ಟು ಕಿರಿದೆಂದರೆ ಇಬ್ಬರು ಎದುರುಬದುರು ಬಂದರೆ ಒಬ್ಬರು ಭುಜ ತಿರುಗಿಸಬೇಕು. ಮೋಟಾರ್ ಸೈಕಲಿನವರು ಇಳಿದು, ಇಂಜಿನು ನಿಲ್ಲಿಸಿ, ನೂಕಿಕೊಂಡು ಹೋಗಬೇಕೆಂಬ ಫಲಕ ಹಲವು ಓಣಿಗಳ ಬಾಯಲ್ಲಿದೆ. ಇನ್ನು ಕೆಲವೆಡೆ ಎರಡೇ ಶಬ್ದದ ಪ್ರಾಸ: 'ಙೆಬೂತ್ ಬೆಂಜೂತ್'. ವೇಗವಾಗಿ ಬಂದೆಯೋ, ಮಂಡೆ ಬುಗುಟಿ ಎಂದು ಭಾವ. ಮನೆ ಚಿಕ್ಕದು, ಆದುದರಿಂದ ಓಣಿಯೇ ಜಗಲಿ. ಬಟ್ಟೆ ಒಣಗುವುದು, ಹಕ್ಕಿಯ ಪಂಜರ ತೂಗುವುದು, ಮಗುವಿಗೆ ಉಣಿಸುವುದು ಎಲ್ಲ ಅಲ್ಲಿಯೇ.

ರಾತ್ರಿ ಸರದಿಯಂತೆ ಗಂಡಸರು ಕಾವಲು ಕಾಯುತ್ತಾರೆ. 'ರೊಂಡ' ಎಂದು ಅದರ ಹೆಸರು. ಕಾವಲು ಕಟ್ಟೆಯಲ್ಲಿ ಸೀಳು ಬಿಟ್ಟ ಮರದ ಅಥವಾ ಬಿದಿರಿನ ಒಂದು ಬಡಿತದ ಸಾಧನ ತೂಗುತ್ತಿರುತ್ತದೆ, 'ಕೆಂತೊಂಗನ್'. ಕಳ್ಳ ಬಂದರೆ ಒಂದು ಬಗೆಯ ಬಡಿತ, ಬೆಂಕಿಗೆ ಒಂದು, ನೆರೆಗೆ ಒಂದು, ಸಾವಿಗೆ ಇನ್ನೊಂದು. ಕಾವಲಿನವರು ಮನೆಮನೆಯ ಮುಂದೆ ತೂಗಿಟ್ಟ ಪುಟ್ಟ ಡಬ್ಬಿಯಿಂದ ಒಂದು ಚಿಟಿಕೆ ಅಕ್ಕಿ ತೆಗೆದುಕೊಳ್ಳುತ್ತಾರೆ. ಇದು 'ಜಿಂಪಿತನ್'. ನಮ್ಮ ತಾಯಂದಿರು ದೇವಕಾರ್ಯಕ್ಕೆ ಎತ್ತಿಡುತ್ತಿದ್ದ ಮುಷ್ಟಿ ಅಕ್ಕಿಯದೇ ರೀತಿ! ಈಗ ಹೆಚ್ಚಿನ ಕಡೆ ಅಕ್ಕಿಯ ಬದಲು ನಾಣ್ಯ. ಹಾಗೆ ಕೂಡಿದ ಹಣದಲ್ಲಿ ಓಣಿಯ ದೀಪ ಉರಿಯುತ್ತದೆ, ಕಾಯಿಲೆ ಬಿದ್ದವರಿಗೆ ನೆರವಾಗುತ್ತದೆ. ಡಬ್ಬಿಗೆ ನಾಣ್ಯ ಹಾಕಲು ಆಗದ ಮನೆ ಯಾವುದೆಂದು ಕಾವಲಿನವರಿಗೆ ಯಾರೂ ಹೇಳದೆಯೇ ತಿಳಿದುಹೋಗುವುದೂ ಒಂದು ಉಪಯೋಗವೇ.

ಹೆಂಗಸರ 'ಅರಿಸನ್' ಇನ್ನೊಂದು. ತಿಂಗಳಿಗೊಮ್ಮೆ ಕೂಡಿ ಎಲ್ಲರೂ ಸಮಾನ ಮೊತ್ತ ಹಾಕಿ, ಚೀಟಿ ಎತ್ತಿ, ಹೆಸರು ಬಂದವಳಿಗೆ ಇಡೀ ಮೊತ್ತ ಕೊಡುತ್ತಾರೆ. ನಮ್ಮಲ್ಲಿ ಕುರಿ ಎನ್ನುವುದೂ ಇದನ್ನೇ. ಹಲವು ಎರ್‌ತೆಗಳ ಸಭೆ ನಡೆಯುವುದು 35 ದಿನಕ್ಕೊಮ್ಮೆ. ಇದೇನು ಲೆಕ್ಕವೆಂದರೆ, ಜಾವಾದವರಿಗೆ ಏಳು ದಿನದ ವಾರದ ಜತೆಗೆ ಐದು ದಿನದ ಇನ್ನೊಂದು ವಾರವೂ ಉಂಟು. ಎರಡೂ ಕೂಡಿ ಮರಳಿ ಬರುವುದು 35 ದಿನಕ್ಕೆ. ಶಾಲೆಯಲ್ಲಿ ಲಘುತಮ ಸಾಮಾನ್ಯ ಗುಣಕ ಕಲಿಸುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಶಾಲೆ, ಕಚೇರಿಗಳ ಭಾಷೆ ಇಂಡೋನೇಶ್ಯನ್. ಓಣಿಯ ಮಾತು ಜಾವಾ ಭಾಷೆ. ಅದರಲ್ಲಿ ಸಮಾನರೊಡನೆ ಆಡುವ ಶಬ್ದಗಳೇ ಬೇರೆ, ಹಿರಿಯರೊಡನೆ ಆಡುವವೇ ಬೇರೆ. ಬ್ರಾಹ್ಮಿಯಿಂದ, ಪಲ್ಲವರ ಕಾಲದ ದಕ್ಷಿಣ ಭಾರತದ ಲಿಪಿಯ ಮೂಲಕ ಇಳಿದುಬಂದ ಅದರ ಸ್ವಂತ ಲಿಪಿಯನ್ನು ಯೋಗ್ಯಕರ್ತದ ಬೀದಿಫಲಕಗಳಲ್ಲಿ ರೋಮನ್ ಅಕ್ಷರದ ಜತೆಗೆ ಇಂದೂ ಬರೆಯುತ್ತಾರೆ. ಫಲಕದಲ್ಲಿ ಯಾವ ಅಕ್ಷರವಿದೆಯೆಂದು ಮೊದಲು ನೋಡುವ ಅಭ್ಯಾಸ ಗಡಿನಾಡಿನವರಾದ ನಮಗೆ ಹೊಸತಲ್ಲವಷ್ಟೆ.

ಕೇರಿಗೆ ಹೋಗುವವರ ಮಾತಿಗೆ ಬರೋಣ. ಹೊರಗಿನವನು ರಾತ್ರಿ ತಂಗುವುದಾದರೆ 24 ಗಂಟೆಯೊಳಗೆ ಎರ್‌ತೆಯ ಮುಖ್ಯಸ್ಥನಿಗೆ ತಿಳಿಸಬೇಕೆಂದು ಓಣಿಯ ಬಾಯಲ್ಲಿಯೇ ಬರೆದಿರುತ್ತಾರೆ. ಕುಳಿತವರ ಮುಂದಿನಿಂದ ಹಾದುಹೋಗುವಾಗ ತುಸು ಬಗ್ಗಿ 'ನುವುನ್ ಸೆವು' ಎನ್ನಬೇಕು. ಅಪ್ಪಣೆ ಕೇಳುವ ಮಾತು. 'ಮೊಂಗ್ಗೊ' ಎಂಬ ಉತ್ತರ ಬರುತ್ತದೆ, ದಯಮಾಡಿ ಎಂದಂತೆ. ಮನೆಯ ಬಾಗಿಲಲ್ಲಿ ನಿಂತು ಕರೆಯುವುದಾದರೆ 'ಕುಲೊ ನುವುನ್'. ಇಷ್ಟು ಬಂದರೆ ಬಾಗಿಲು ತೆರೆಯುತ್ತದೆ. ಸಂಜೆಯಾದ ಮೇಲೆ ರಸ್ತೆ ಬದಿಯ 'ಅಂಗ್‌ಕ್ರಿಂಗನ್' ಗಾಡಿಗಳಲ್ಲಿ ಶುಂಠಿಯ ಬಿಸಿ ಪಾನೀಯ, ಎಲೆಯಲ್ಲಿ ಕಟ್ಟಿದ ಒಂದು ಹಿಡಿ ಅನ್ನ ಸಿಗುತ್ತದೆ. ಅದಕ್ಕೆ 'ಬೆಕ್ಕಿನ ಅನ್ನ' ಎಂದು ಹೆಸರು, ಬೆಕ್ಕಿಗೆ ಹಾಕುವಷ್ಟೇ ಇರುತ್ತದೆಂದು! ಬೇಚಾದವನೂ ಕಾಲೇಜು ಹುಡುಗನೂ ಒಂದೇ ಬೆಂಚಿನಲ್ಲಿ ಕುಳಿತು ತಿನ್ನುತ್ತಾರೆ.

ಕೆಮರಾ ಹಿಡಿದು ಬರುವ ಪ್ರವಾಸಿಗಳ ವಿಷಯದಲ್ಲಿ ಮಾತ್ರ ನನಗೆ ಎರಡು ಮನಸ್ಸು. ಪೂರ್ವ ಜಾವಾದ ಮಲಾಂಗ್ ನಗರದಲ್ಲಿ ಬ್ರಾಂತಾಸ್ ನದಿಯ ದಂಡೆಗೆ ಜೋದಿಪನ್ ಎಂಬ ಇಂತಹುದೇ ಕೇರಿಯಿದೆ. ಅದಕ್ಕೂ ತೆರವಿನ ಭಯವಿತ್ತು. 2016ರಲ್ಲಿ ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬಣ್ಣದ ಕಂಪೆನಿಯೊಂದರ ನೆರವಿನಿಂದ ಇಡೀ ಕೇರಿಗೆ ಬಗೆಬಗೆಯ ಬಣ್ಣ ಬಳಿದರು. ಜನ ನುಗ್ಗಿದರು. ಈಗ ಒಳಗೆ ಹೋಗಲು ಟಿಕೆಟು. ಹಣ ಬಂತು, ತೆರವಿನ ಮಾತು ಹಿಂದೆ ಸರಿಯಿತು, ಒಪ್ಪತಕ್ಕದ್ದೇ. ಆದರೆ ಅಡುಗೆಮನೆಯ ಕಿಟಿಕಿಯಾಚೆ ದಿನವಿಡೀ ಅಪರಿಚಿತರು ಫೋಟೋ ತೆಗೆಯುತ್ತಿದ್ದರೆ ಒಳಗಿರುವವಳಿಗೆ ಹೇಗನ್ನಿಸೀತು? ಚೋದೆಯಲ್ಲಿ ಬಣ್ಣ ಬಂದುದು ಮನೆ ಕಟ್ಟಿ, ಗೋಡೆ ನಿಲ್ಲಿಸಿ, ಜನ ಒಟ್ಟಾದ ಮೇಲೆ. ಈ ವ್ಯತ್ಯಾಸ ಸಣ್ಣದಲ್ಲ.

ಹೊಳೆ ಮಾತ್ರ ಯಾರ ಪ್ರಶಸ್ತಿಯನ್ನೂ ಲೆಕ್ಕಿಸುವುದಿಲ್ಲ. 2010ರ ಅಕ್ಟೋಬರ್, ನವೆಂಬರಿನಲ್ಲಿ ಮೆರಾಪಿ ಸಿಡಿದು 350ಕ್ಕೂ ಹೆಚ್ಚು ಮಂದಿ ಸತ್ತರು. ಅವರು ಬೆಟ್ಟದ ತಪ್ಪಲಿನವರು. ಪೇಟೆಗೆ ಆಪತ್ತು ಬಂದುದು ಆಮೇಲೆ. ಚೋದೆಯ ಮೂಲವಿರುವುದು ಅದೇ ಬೆಟ್ಟದಲ್ಲಿ. ಇಳಿಜಾರಿನಲ್ಲಿ ರಾಶಿಬಿದ್ದ ಬೂದಿ, ಹೊಯಿಗೆ, ಕಲ್ಲುಗಳನ್ನು ಮಳೆ ಕಲಸಿ ಕೆಳಗೆ ತಂದಿತು. ಹೊಳೆಯ ತಳವೇ ಎತ್ತರವಾಯಿತು. ಅಷ್ಟೇ ನೀರು ಬಂದರೂ ದಂಡೆ ಮೀರಿ ಕೇರಿಗಳಿಗೆ ನುಗ್ಗಿತು. ದಂಡೆಯವರು ಹೊಯಿಗೆಯನ್ನು ಚೀಲಗಳಲ್ಲಿ ತುಂಬಿ ಕಟ್ಟೆ ಹಾಕಿದರು, ತಳ ತೋಡಿದರು. ಮೇಲೆ ಬೆಟ್ಟದ ಕಡೆ ಮಳೆ ಬಿದ್ದೊಡನೆ ಕೈರೇಡಿಯೋದಲ್ಲಿ ಕೆಳಗಿನವರಿಗೆ ಸುದ್ದಿ ಮುಟ್ಟಿಸುವ ಏರ್ಪಾಡು ಬೆಳೆಯಿತು. ಕೆಂತೊಂಗನ್‌ಗೆ ರೇಡಿಯೋ ಜತೆಯಾಯಿತು.

ಈಗ ಹೊಳೆದಂಡೆಯ ಕೇರಿಗಳಲ್ಲಿ ಕೇಳಿಬರುವ ಮಾತು 'ಮುಂದೂರ್, ಮುಂಗ್ಗಾ, ಮಾದೆಪ್ ಕಾಲಿ'. ಹಿಂದೆ ಸರಿ, ಮೇಲೇರು, ಹೊಳೆಗೆ ಮುಖ ಮಾಡು ಎಂದರ್ಥ. ಹಳೆಯ ಮನೆಗಳು ಹೊಳೆಗೆ ಬೆನ್ನು ಹಾಕಿದ್ದವು. ಬಚ್ಚಲು, ಕಕ್ಕಸು, ಕಸ ಎಲ್ಲ ಹಿತ್ತಿಲಿನಿಂದ ನೇರ ನೀರಿಗೆ. ಮುಖ ತಿರುಗಿಸಿ, ಮನೆಗೂ ಹೊಳೆಗೂ ನಡುವೆ ದಾರಿ ಬಿಟ್ಟರೆ ಹೊಳೆಯೇ ಅಂಗಳವಾಗುತ್ತದೆ, ಬೆಂಕಿ ಬಿದ್ದರೆ ಓಡಲು ದಾರಿಯೂ ಆಗುತ್ತದೆ. ತಡೆಗೋಡೆಯಿರುವಲ್ಲಿ ಪೇಟೆಯೊಳಗೆ 3 ಮೀಟರು ಬಿಡಬೇಕೆಂದು ಸರಕಾರದ ನಿಯಮ.

3 ಮೀಟರೆಂದರೆ ಸುಮಾರು ಹತ್ತಡಿ. ಇಡೀ ಮನೆಯೇ ಇಷ್ಟೆನ್ನುವಷ್ಟಿರುವ ಕಡೆ ಹತ್ತಡಿ ಬಿಡುವುದೆಂದರೆ ಒಂದು ಕೋಣೆಯೇ ಹೋದಂತೆ. ಹೋದುದನ್ನು ಮಹಡಿ ಎತ್ತಿ ತುಂಬಿಕೊಳ್ಳಬೇಕು. ಮೇಲೇರು ಎಂಬುದರ ಅರ್ಥ ಇದೇ. ಅದಕ್ಕೆ ಹಣ ಬೇಕು. ನೆಲದ ಹಕ್ಕುಪತ್ರ ಕೈಯಲ್ಲಿಲ್ಲದವನಿಗೆ ಸಾಲ ಸಿಗುವುದು ಕಷ್ಟ. ಒಬ್ಬ ಸರಿದು ಪಕ್ಕದವನು ಸರಿಯದಿದ್ದರೆ ದಾರಿ ಅಲ್ಲಿಗೇ ಕುರುಡು. ಹಾಗಾಗಿ ಮೊದಲು ಮಾತುಕತೆ ನಡೆಯುವುದು ಕಚೇರಿಯಲ್ಲಲ್ಲ. ಓಣಿಯಲ್ಲಿ ಚಾಪೆ ಹಾಸಿ ಕುಳಿತ ಎರ್‌ತೆಯ ಸಭೆಯಲ್ಲಿ, ಒಂದೊಂದು ಮನೆಯ ಗೋಡೆಯನ್ನೂ ಹೆಸರು ಹಿಡಿದು ಲೆಕ್ಕ ಹಾಕುತ್ತಾ.