ಯೂರಿಯಾ ಅಗ್ಗವಾದ ಬಗೆ
ಗದ್ದೆಗೆ ಎರಚಿದ ಯೂರಿಯಾದ ಸಾರಜನಕದಲ್ಲಿ ಪೈರಿಗೆ ದಕ್ಕುವುದು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು. ಮಿಕ್ಕಿದ್ದರಲ್ಲಿ ಒಂದಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಒಂದಷ್ಟು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಆ ಮಿತಿ ದಾಟಿದ ಬಾವಿಗಳು ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ರೈತರಿಗೆ ತಿಳಿವಳಿಕೆ ಸಾಲದು ಎಂದು ದೂರುವವರು ದೆಹಲಿಯಲ್ಲಿ ನಿಗದಿಯಾಗುವ ಮೂಟೆಯ ಬೆಲೆಯನ್ನು ಮೊದಲು ನೋಡಬೇಕು.

1977ರಲ್ಲಿ ಬಂದ ಪದ್ಧತಿಯಂತೆ ಗೊಬ್ಬರ ಕಾರ್ಖಾನೆಗೆ ಅದರ ವೆಚ್ಚದ ಜತೆ ಹೂಡಿದ ಸ್ವಂತ ಬಂಡವಾಳದ ಮೇಲೆ ಶೇ 12ರಷ್ಟು ಲಾಭದ ಖಾತರಿ ಸಿಕ್ಕಿತು. ರೈತ ಕೊಡುವ ಬೆಲೆಗೂ ಅದಕ್ಕೂ ನಡುವಿನ ಅಂತರವನ್ನು ಸರ್ಕಾರ ತುಂಬಿತು. ಆಹಾರಧಾನ್ಯದ ಕೊರತೆ ಕಂಡಿದ್ದ ದೇಶಕ್ಕೆ ಆಗ ಅದು ಬೇಕಿತ್ತು. ಎಡವಿದ್ದು 1992ರ ಆಗಸ್ಟ್‌ನಲ್ಲಿ. ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆಯನ್ನು ಮುಕ್ತಗೊಳಿಸಿದ ಸರ್ಕಾರ ಯೂರಿಯಾ ಬೆಲೆಯನ್ನು ಶೇ 10ರಷ್ಟು ಇಳಿಸಿತು. ದೇಶದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಬಳಕೆಯ ಅನುಪಾತ 5.9:2.4:1 ಇದ್ದದ್ದು ಒಂದೇ ವರ್ಷದಲ್ಲಿ 9.5:3.2:1 ಆಯಿತು, ಸೂಕ್ತವೆಂದು ಹೇಳುತ್ತಿದ್ದದ್ದು 4:2:1. ಒಂದೇ ವರ್ಷದಲ್ಲಿ ರೈತರ ತಿಳಿವಳಿಕೆ ಕುಸಿಯಲಿಲ್ಲ, ಬದಲಾದದ್ದು ಬೆಲೆ. ಅಷ್ಟಾದರೂ 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ತಂದಾಗ ಯೂರಿಯಾವನ್ನು ಮತ್ತೆ ಹೊರಗಿಟ್ಟರು. ಆಮೇಲೆ ಬೇವಿನ ಲೇಪನ ಬಂತು, 50 ಕೆ.ಜಿ. ಮೂಟೆ 45ಕ್ಕೆ ಇಳಿಯಿತು. ಲೇಪನದಿಂದಾಗಿ ಯೂರಿಯಾ ಕಳ್ಳದಾರಿಯಲ್ಲಿ ಬೇರೆ ಕಾರ್ಖಾನೆಗಳಿಗೆ ಹೋಗುವುದು ಕಷ್ಟವಾಯಿತು, ನಿಜ. ಆದರೆ ಯೂರಿಯಾ ಮೂಟೆಗೆ ಸುಮಾರು 266 ರೂಪಾಯಿ, ರಂಜಕ ಕೊಡುವ ಡಿಎಪಿ ಮೂಟೆಗೆ 1,350 ರೂಪಾಯಿ ಇರುವಾಗ ಕೈ ಯಾವುದರತ್ತ ಹೋಗುತ್ತದೆ?

ಕೊಳಚೆ, ತಿಪ್ಪೆಗಳಿಂದಲೂ ನೈಟ್ರೇಟ್ ಇಳಿಯುತ್ತದೆ ಎಂಬ ಆಕ್ಷೇಪ ಸರಿಯಾದುದೇ. ಊರೊಳಗಿನ ಬಾವಿಗೆ ಒಳಚರಂಡಿಯೇ ಪರಿಹಾರ. ಹೊಲದ ನಡುವಿನ ಕೊಳವೆಬಾವಿಗೆ ಅದು ಸಾಲದು, ಅಲ್ಲಿ ಯೂರಿಯಾ ಬೆಲೆಯೇ ಏರಬೇಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ, ಬೆಲೆ ಏರಿದರೆ ಸಣ್ಣ ಹಿಡುವಳಿದಾರ ಮುಳುಗುತ್ತಾನೆ ಎಂಬುದು. ಬೆಲೆಯನ್ನಷ್ಟೇ ಏರಿಸಿದರೆ ಹಾಗೇ ಆಗುತ್ತದೆ. ಅದಕ್ಕೇ ಸಬ್ಸಿಡಿ ಹಣವನ್ನು ಕಡಿತ ಮಾಡದೆ ಎಕರೆ ಲೆಕ್ಕದಲ್ಲಿ ಬಿತ್ತನೆಗೆ ಮುಂಚೆಯೇ ರೈತರ ಖಾತೆಗೆ ಹಾಕಬೇಕು. ಆಗ ಕಡಿಮೆ ಯೂರಿಯಾ ಹಾಕಿದವನಿಗೆ ಹಣ ಉಳಿಯುತ್ತದೆ. ಇಂದು ಹೆಚ್ಚು ಕೊಂಡವನಿಗೇ ಹೆಚ್ಚು ಸಬ್ಸಿಡಿ. ಪಹಣಿಯಲ್ಲಿ ಹೆಸರಿಲ್ಲದ ಗೇಣಿದಾರರು ಇದರಲ್ಲಿ ಬಿಟ್ಟುಹೋಗುವ ಅಪಾಯ ದೊಡ್ಡದು. ರೈತರಿಗೆ ನಗದು ನೆರವು ಕೊಡುವ ಒಡಿಶಾದ ಕಾಲಿಯಾ ಯೋಜನೆ ಗೇಣಿದಾರರನ್ನೂ ಭೂಹೀನರನ್ನೂ ಪಟ್ಟಿಗೆ ಸೇರಿಸಿಕೊಂಡಿತ್ತು. ಅಂಥ ಪಟ್ಟಿ ಸಿದ್ಧವಾಗುವ ಮುನ್ನ ಯೂರಿಯಾ ಬೆಲೆಯನ್ನು ಮುಟ್ಟಬಾರದು.